ವಜಾ ಆದ ಕಡತಗಳಿಂದಲೇ ತರಬೇತಿ: ಅರಣ್ಯ ಹಕ್ಕು ಸಮಿತಿಗಳ ಜೊತೆ ನಮ್ಮ ಅನುಭವ

ಸೋಲಿಗ ಆದಿವಾಸಿಗಳ ಪೋಡುಗಳಲ್ಲಿ (ಹಾಡಿಗಳಲ್ಲಿ), ಕಾಡಿನ ಜಮೀನಿನ ಹಕ್ಕು ಕೇಳುವ ಅರ್ಜಿಗಳನ್ನು ಗ್ರಾಮಸಭೆಯ ಪರವಾಗಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯವರಿಗೆ ಅರಣ್ಯ ಹಕ್ಕು ಕಾಯ್ದೆ ಓದಿ ಹೇಳುವುದನ್ನು ಬಿಟ್ಟು, ವಜಾ ಆದ ಅರ್ಜಿಗಳನ್ನೇ ಮುಂದಿಟ್ಟು ‘ಎಲ್ಲಿ ಕೆಟ್ಟಿದೆ ಹೇಳಿ’ ಎಂದು ಕೇಳುತ್ತೇವೆ ಅಂದಾಗ ನಕ್ಕವರೇ ಹೆಚ್ಚು. ಈಗ ಅದೇ ಸಮಿತಿಗಳ ಕಡತ ಉಪವಿಭಾಗ ಮಟ್ಟದಿಂದ ವಾಪಸ್ ಬರುವುದು ಅಪರೂಪ. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ವಜಾ ಆದವರ ತೆರವಿಗೆ ಆದೇಶ ಕೊಟ್ಟು, ಹದಿನೈದು ದಿನದಲ್ಲೇ ಅದನ್ನು ತಡೆಹಿಡಿಯಿತಲ್ಲ, ಆಮೇಲೆ ಮರುಪರಿಶೀಲನೆಗೆ ಬಂದ ಕಟ್ಟುಗಳೇ ನಮ್ಮ ಪಠ್ಯ.

ಹೆಚ್ಚು ಕಡತ ಸತ್ತದ್ದು ಕೋರಂನಲ್ಲಿ, ಅಂದರೆ ಗ್ರಾಮಸಭೆಗೆ ಬೇಕಾದ ಕನಿಷ್ಠ ಹಾಜರಾತಿಯಲ್ಲಿ. ಪಂಚಾಯಿತಿ ಕಚೇರಿಯಲ್ಲಿ ಸಭೆ ಕರೆದರೆ ಅದು ಆಗದ ಮಾತು. ಪೋಡಿನಲ್ಲೇ ಕರೆಯಬೇಕು, ಜೇನು ಕೀಳುವ ಕಾಲ ಮತ್ತು ಕಾಫಿ ಕೊಯ್ಲು ಬಿಟ್ಟು. ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧ, ಹಾಜರಾದವರಲ್ಲಿ ಮೂರನೇ ಒಂದು ಮಹಿಳೆಯರು, ಅರ್ಜಿದಾರರಲ್ಲಿ ಅರ್ಧ: ಈ ಮೂರು ಲೆಕ್ಕವೂ ನಡಾವಳಿಯ ಮೊದಲ ಪುಟದಲ್ಲೇ ಇರಲಿ. ಬರೀ ಸಹಿಗಳ ಸಾಲು ಯಾರಿಗೂ ಸಾಕಾಗುವುದಿಲ್ಲ.

ಎರಡನೆಯದು ಸ್ಥಳ ತನಿಖೆ. ‘ನಮಗೆ ತಿಳಿಸಿಲ್ಲ’ ಎಂಬ ಇಲಾಖೆಯ ಒಂದು ಸಾಲಿಗೆ ವರ್ಷಗಳ ಕೆಲಸ ಮಣ್ಣಾಗುತ್ತದೆ. ಅರಣ್ಯಕ್ಕೂ ಕಂದಾಯಕ್ಕೂ ಬೇರೆಬೇರೆ ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ಸ್ವೀಕೃತಿ ಕಡತದಲ್ಲಿ ಅಂಟಿರಲಿ. ಇಲಾಖೆಯವರು ಗೈರಾಗಿ ಆಮೇಲೆ ತಕರಾರು ಎತ್ತಿದರೆ ಗ್ರಾಮಸಭೆ ಮರುತನಿಖೆ ಮಾಡಬೇಕು. ಆಗಲೂ ಬಾರದಿದ್ದರೆ ತನಿಖೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಅರಣ್ಯ ಹಕ್ಕು ನಿಯಮಗಳ 12ಎಯ ಈ ಒಂದು ಅಂಶವನ್ನು ಯಜಮಾನರಿಗೆ ಬಾಯಿಪಾಠ ಮಾಡಿಸಿದ್ದೇವೆ. ಬಂದ ಗಾರ್ಡು ಹುದ್ದೆ, ತಾರೀಖು, ಅಭಿಪ್ರಾಯ ಬರೆದು ಸಹಿ ಹಾಕುವ ತನಕ ಪುಸ್ತಕ ಮುಚ್ಚುವ ಹಾಗಿಲ್ಲ.

ಹಿರಿಯರ ಹೇಳಿಕೆ ಹತ್ತು ಅರ್ಜಿಯಲ್ಲೂ ಒಂದೇ ವಾಕ್ಯವಾಗಿದ್ದರೆ ಮೇಲಿನವರಿಗೆ ಅನುಮಾನ ಬರುವುದು ನ್ಯಾಯವೇ. ಹೇಳಿದವರ ಮಾತಲ್ಲೇ ಬರೆಯಿರಿ, ಅವರು ಅರ್ಜಿದಾರರಾಗಿರಬಾರದು. ನಾವು ಮೊದಲು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಜೆರಾಕ್ಸ್ ಆಗುತ್ತದೆ.

ಹಳೇ ಸಾಗುವಳಿ ತೋರಿಸಲು ಮಾಡಿದ ಉಪಗ್ರಹ ಚಿತ್ರದ ಪ್ರಯೋಗಕ್ಕೆ ಸುರಿದ ದುಡ್ಡು ಹೆಚ್ಚೂಕಮ್ಮಿ ದಂಡ. ಲಂಟಾನ ಕಳೆಪೊದೆ ಬೆಳೆದ ಹಳೇ ಹೊಲ ಚಿತ್ರದಲ್ಲಿ ಕಾಡಿನಂತೆಯೇ ಕಾಣುತ್ತದೆ. ಲಂಟಾನ ಸವರಿಸಿ ಹಳೇ ಬದು, ಕಲ್ಲುಗುಡ್ಡೆಗಳ ಫೋಟೊ ತೆಗೆದದ್ದೇ ಗೆದ್ದಿತು. ಚಿತ್ರ ಪೂರಕ ಮಾತ್ರ, ಬೇರೆ ಸಾಕ್ಷ್ಯಕ್ಕೆ ಬದಲಿಯಲ್ಲ ಎಂದು ನಿಯಮವೇ ಹೇಳುತ್ತದೆ. ಜಿಪಿಎಸ್ ಮರದಡಿ ಹತ್ತು ಮೀಟರು ಅತ್ತಿತ್ತ ಓಡುತ್ತದೆ, ಅರ್ಧ ಎಕರೆ ಜಮೀನಿಗೆ ಅದು ದೊಡ್ಡ ತಪ್ಪೇ. ಮೂಲೆಮೂಲೆಯಲ್ಲಿ ಎರಡು ಮೂರು ನಿಮಿಷ ನಿಲ್ಲಿ, ಎರಡು ಸುತ್ತು ಹಾಕಿ.

ಖರ್ಚು ಪೋಡಿಗೆ ಅಂದಾಜು ಇಪ್ಪತ್ತೈದು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಕೂಲಿ ನಷ್ಟಕ್ಕೆ ಮತ್ತು ಊಟಕ್ಕೆ. ಅನುದಾನ ಕೊಡುವವರು ಮೊದಲು ಕತ್ತರಿಸುವುದೂ ಅದನ್ನೇ. ಕೂಲಿ ಕೊಡದ ಪೋಡಿನಲ್ಲಿ ಎರಡನೇ ದಿನ ಹೆಂಗಸರು ಬರಲಿಲ್ಲ, ಕೋರಂ ಬಿತ್ತು.

ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಕೇಳುವ ನಮೂನೆ ‘ಸಿ’ಗೆ ಈ ಪಾಠ ಅಷ್ಟಾಗಿ ಹೊಂದುವುದಿಲ್ಲ. ಎರಡು ಪೋಡುಗಳ ಗಡಿ ಒಂದರ ಮೇಲೊಂದು ಬೀಳುವಲ್ಲಿ ಇಬ್ಬರು ಯಜಮಾನರನ್ನೂ ಒಟ್ಟಿಗೆ ನಡೆಸಿ, ಹಳ್ಳ, ದೇವರಗುಡಿ ಗುರುತು ಹಾಕಿಸಿ, ಅಲ್ಲೇ ಜಂಟಿ ನಡಾವಳಿ ಬರೆಸಿಕೊಳ್ಳಬೇಕು. ಸಂಜೆಗೆ ಬಿಟ್ಟರೆ ಮಾತು ಬದಲಾಗುತ್ತದೆ.