11 ಅಲ್ಲ, 14 ನೋಡಿ: ಅಮೆರಿಕದ ಟ್ರಕ್ ಡ್ರೈವರ್‌ಗಳ ಗಂಟೆ ಲೆಕ್ಕ ನಾನು ಕಲಿತ ಬಗೆ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಟ್ರಕ್‌ಗಳಿಗೆ ಡಿಸ್ಪ್ಯಾಚ್ ಮಾಡುವುದು, ಅಂದರೆ ಲೋಡ್ ಹುಡುಕಿ ಡ್ರೈವರ್‌ನ ಓಟ ಹೊಂದಿಸುವುದು, ನನ್ನ ಕೆಲಸ. ನೈಟ್ ಶಿಫ್ಟ್ ಅಂತ ಬೇರೆ ಹೇಳಬೇಕಾಗಿಲ್ಲ. ಲೋಡ್ ಹುಡುಕುವುದು ಬೇಗ ಬಂತು. ಡ್ರೈವರ್‌ಗೆ ಇನ್ನೆಷ್ಟು ಗಂಟೆ ಉಳಿದಿದೆ ಅನ್ನುವ ಲೆಕ್ಕ ತಲೆಗೆ ಹತ್ತಲು ಜಾಸ್ತಿ ಸಮಯ ಹಿಡಿಯಿತು.

ನಿಯಮವೇನೋ ಚಿಕ್ಕದು. ಸತತ 10 ಗಂಟೆ ಬಿಡುವಿನ ನಂತರ 11 ಗಂಟೆ ಗಾಡಿ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಸ್ಟೇರಿಂಗ್ ಬಿಡಬೇಕು. 2020ರ ಸೆಪ್ಟೆಂಬರ್‌ನಿಂದ ಡೀಸೆಲ್ ಹಾಕಿಸುವ ಹೊತ್ತು, ಲೋಡಿಂಗ್ ಹೊತ್ತು ಕೂಡ ಈ ಅರ್ಧ ಗಂಟೆಗೆ ನಡೆಯುತ್ತದೆ. ಡ್ಯೂಟಿ ಶುರುವಾಗಿ 14 ಗಂಟೆ ಆದ ಮೇಲೆ ಓಡಿಸುವ ಹಾಗಿಲ್ಲ. ವಾರವಿಡೀ ಓಡುವ ಕಂಪನಿಗಳಲ್ಲಿ 8 ದಿನಕ್ಕೆ ಒಟ್ಟು 70 ಗಂಟೆ ಡ್ಯೂಟಿಯ ಮಿತಿ. ಸತತ 34 ಗಂಟೆ ಬಿಡುವು ಸಿಕ್ಕರೆ ಅದು ಮತ್ತೆ ಸೊನ್ನೆಯಿಂದ ಶುರು.

ಹೊಸಬರೆಲ್ಲ 11ರ ಮೇಲೇ ಕಣ್ಣಿಡುತ್ತಾರೆ. ಕೈ ಕಟ್ಟುವುದು 14. ಅದು ಆಟೋದ ವೇಟಿಂಗ್ ಮೀಟರ್ ಇದ್ದ ಹಾಗೆ, ಗಾಡಿ ನಿಂತರೂ ಓಡುತ್ತಲೇ ಇರುತ್ತದೆ.

ನಾನು ಇದನ್ನು ಕಲಿತದ್ದು ಸಾಫ್ಟ್‌ವೇರ್‌ನಿಂದಲ್ಲ, ಪೇಪರ್ ಮೇಲೆ. 24 ಗಂಟೆಯ ಗೆರೆ ಹಾಕಿ, ಆಫ್ ಡ್ಯೂಟಿ, ಸ್ಲೀಪರ್ (ಟ್ರಕ್ಕಿನೊಳಗಿನ ಮಲಗುವ ಜಾಗ), ಡ್ರೈವಿಂಗ್, ಆನ್ ಡ್ಯೂಟಿ ಅಂತ ನಾಲ್ಕು ಸಾಲು. ಒಂದು ಲೆಕ್ಕ ನೋಡಿ. ಡ್ರೈವರ್ ಬೆಳಿಗ್ಗೆ 6ಕ್ಕೆ ಗಾಡಿ ಚೆಕ್ ಮಾಡಲು ಶುರು ಮಾಡಿ, 6:15ಕ್ಕೆ ಹೊರಟು, 7ಕ್ಕೆ ಗೋದಾಮು ಸೇರಿದ. ಲೋಡ್ ಆಗಿದ್ದು 11ಕ್ಕೆ. ಡ್ರೈವಿಂಗ್ ಗಂಟೆ ಇನ್ನೂ 10:15 ಬಾಕಿ. ಆದರೆ ರಾತ್ರಿ 8ಕ್ಕೆ 14 ಮುಗಿಯುತ್ತದೆ. 11ಕ್ಕೆ ಹೊರಟು 8 ಗಂಟೆ ಓಡಿಸಿದ ಮೇಲೆ ಮತ್ತೆ ಬಿಡಬೇಕಾದ ಅರ್ಧ ಗಂಟೆ ಕಳೆದರೆ ಓಡಿಸಲು ಸಿಗುವುದು ಎಂಟೂವರೆ ಗಂಟೆ ಮಾತ್ರ.

ಆ ನಾಲ್ಕು ಗಂಟೆ ಅವನು ನಿಜವಾಗಿಯೂ ಸ್ಲೀಪರ್‌ನಲ್ಲಿ ಮಲಗಿದ್ದರೆ ಕತೆಯೇ ಬೇರೆ. ಆ ದಿನದ ಓಟ ಮುಗಿಸಿದ ಮೇಲೆ ಸ್ಲೀಪರ್‌ನಲ್ಲೇ ಸತತ 7 ಗಂಟೆ ಕಳೆದರೆ ಎರಡೂ ಸೇರಿ 10 ದಾಟುತ್ತದೆ, ಮೊದಲಿನ ನಾಲ್ಕು ಗಂಟೆ 14ರಲ್ಲಿ ಸೇರುವುದಿಲ್ಲ. ಆಗ ಬಾಕಿ 10:15ನ್ನೂ, ನಡುವಿನ ಅರ್ಧ ಗಂಟೆಯನ್ನೂ ಸೇರಿಸಿ ರಾತ್ರಿ 9:45ರವರೆಗೆ ಓಡಿಸಬಹುದು. ಲೋಡ್ ಮಾಡಿಸುತ್ತ ನಿಂತಿದ್ದವನಿಗೆ ‘ಸುಮ್ನೆ ಸ್ಲೀಪರ್ ಹಾಕು’ ಅನ್ನುವುದು ಮಾತ್ರ ಸುಳ್ಳು ಲಾಗ್ (ಗಂಟೆಗಳ ದಾಖಲೆ). ಅದನ್ನು ನಾನು ಮಾಡಿಸುವುದಿಲ್ಲ. ಇನ್ನು ತುಂಡು ತುಂಡಾಗಿ ಮಲಗುವುದು ಎಲ್ಲರಿಗೂ ಒಗ್ಗುವುದಿಲ್ಲ, ಅಲ್ವಾ? ದಣಿದಿದ್ದೇನೆ ಅಂತ ಡ್ರೈವರ್ ಹೇಳಿದ ಮೇಲೆ ಎಷ್ಟು ಗಂಟೆ ಉಳಿದಿದ್ದರೂ ಓಡಿಸಬಾರದು. ಅದೂ ಅಲ್ಲಿನ ಕಾನೂನೇ.

ಟೈಮ್ ಝೋನ್ ಇನ್ನೊಂದು ತಲೆನೋವು. ಗಾಡಿ ಎಲ್ಲೇ ಇರಲಿ, ಲಾಗ್ ನಡೆಯುವುದು ಡ್ರೈವರ್‌ನ ಹೋಮ್ ಟರ್ಮಿನಲ್, ಅಂದರೆ ಅವನು ಸಾಮಾನ್ಯವಾಗಿ ಡ್ಯೂಟಿಗೆ ಬರುವ ಕಂಪನಿ ನೆಲೆಯ ಸಮಯದಲ್ಲಿ. ಡೆಲಿವರಿ ಅಪಾಯಿಂಟ್‌ಮೆಂಟ್ ಇರುವುದು ಆ ಊರಿನ ಸಮಯದಲ್ಲಿ. ಪೇಪರ್ ಮೇಲೆ ಎರಡನ್ನೂ ಬರೆದುಕೊಳ್ಳುತ್ತೇನೆ.

ಈಗ ಲೋಡ್ ಹಿಡಿಯುವ ಮೊದಲು ಅದನ್ನು ಕೊಡಿಸುವ ಬ್ರೋಕರ್‌ಗೆ ನಾನು ಕೇಳುವ ಮೊದಲ ಪ್ರಶ್ನೆ, ಲೋಡಿಂಗ್‌ಗೆ ಎಷ್ಟು ಹೊತ್ತು ಕಾಯಿಸುತ್ತಾರೆ ಅಂತ. ಆಮೇಲೆ ಮ್ಯಾಪ್ ತೆಗೆದು, ಗಂಟೆ ಮುಗಿಯುವ ಜಾಗದಲ್ಲಿ ಪಾರ್ಕಿಂಗ್ ಇದೆಯಾ ನೋಡುತ್ತೇನೆ. ದೊಡ್ಡ ಊರುಗಳ ಹತ್ತಿರದ ಟ್ರಕ್ ಸ್ಟಾಪ್‌ಗಳು ಕತ್ತಲಾಗುವಷ್ಟರಲ್ಲಿ ತುಂಬಿಬಿಡುತ್ತವೆ.