ಉಂಡ ಮೇಲೆ ಎದೆ ಡವಗುಟ್ಟಿದರೆ ಕಾಫಿಯನ್ನೇ ಬಯ್ಯಬೇಡಿ

ಹೊಳೆನರಸೀಪುರದ ಹತ್ತಿರ ಒಂದು ಬೀಗರೂಟ. ಮಧ್ಯಾಹ್ನದ ಪಂಕ್ತಿ ಮುಗಿದರೂ ಬೀಗರು ಬಿಡಲಿಲ್ಲ, ರಾತ್ರಿಯದ್ದೂ ಅಲ್ಲೇ ಆಯಿತು. ಎರಡು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅದರ ಮೇಲೆ ಐಸಿನಲ್ಲಿ ಮುಳುಗಿಸಿಟ್ಟಿದ್ದ ಒಂದು ಸೋಡಾ. ಅವರ ಹಾಲ್‌ನಲ್ಲೇ ಚಾಪೆ ಹಾಸಿಕೊಂಡು ಎಡಕ್ಕೆ ಹೊರಳಿದೆ ಅಷ್ಟೆ. ಎದೆ ಒಂದು ಕ್ಷಣ ನಿಂತೇ ಹೋದಂತಾಯಿತು. ಆಮೇಲೆ ಒಳಗಿನಿಂದ ಯಾರೋ ಗುದ್ದಿದ ಹಾಗೆ ಧಡ್ ಎಂದಿತು. ಮತ್ತೆ ನಾಲ್ಕು ಬಡಿತ ಸರಿ, ಮತ್ತೊಂದು ಗುದ್ದು.

ಅದು 2025ರ ಜೂನ್. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳೇ ದಿನಾ ಟಿವಿಯಲ್ಲಿ. ನಿದ್ದೆ ಎಲ್ಲಿಂದ ಬರಬೇಕು? ಮುಂದೆ ಜುಲೈನಲ್ಲಿ, ಜಯದೇವ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸಾವುಗಳ ಸಂಖ್ಯೆ ಗಾಬರಿಪಡುವಷ್ಟು ಏರಿಲ್ಲ ಎಂದು ವರದಿ ಕೊಟ್ಟಿತು. ಆದರೆ ಆ ರಾತ್ರಿ ನನ್ನ ಪಾಲಿಗೆ ಅದೆಲ್ಲ ಇರಲಿಲ್ಲ. ಮನೆಗೆ ಬಂದರೆ ಹೆಂಡತಿಯದು ಒಂದೇ ಮಾತು: "ಕಾಫಿ ಕಮ್ಮಿ ಮಾಡಿ ಅಂತ ಎಷ್ಟು ಸಲ ಹೇಳಿದ್ದೀನಿ?" ಚಿಕ್ಕಮಗಳೂರಿನಲ್ಲಿದ್ದುಕೊಂಡು ಕಾಫಿ ಬಿಡುವುದೆಂದರೆ ತವರಿನ ಮೇಲೆ ಮುನಿಸಿಕೊಂಡ ಹಾಗೆ. ಆದರೂ ಬಿಟ್ಟೆ. ಮೂರು ದಿನ ತಲೆ ಸಿಡಿಯಿತು. ಎದೆ ಮಾತ್ರ ರಾತ್ರಿ ಹೊತ್ತು ಎಡವುತ್ತಲೇ ಇತ್ತು.

ತಪ್ಪು ಯಾರದು ಎಂದು ಗೊತ್ತಾಗಿದ್ದು ಎರಡು ವಾರ ಪುಸ್ತಕದಲ್ಲಿ ಬರೆದಿಟ್ಟ ಮೇಲೆ. ಆ ಕೆಲಸ ಹೇಗೆ ಮಾಡುವುದು, ಕೇಳಿ.

ಮೊದಲು: ಇದು ಪುಸ್ತಕ ಹಿಡಿಯುವ ಹೊತ್ತಾ, ಆಸ್ಪತ್ರೆಗೆ ಓಡುವ ಹೊತ್ತಾ?

ಎದೆ ಹಿಂಡಿದಂತಾದರೆ, ನೋವು ಕೈಗೋ ದವಡೆಗೋ ಹರಿದರೆ, ಏದುಸಿರು, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿ" ಎನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಹೃದಯಾಘಾತವೂ ಎಷ್ಟೋ ಸಲ ಗ್ಯಾಸ್ ತರಹವೇ ಶುರುವಾಗುತ್ತದೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ದಿಢೀರ್ ಎಂದು ಹೋಗಿದ್ದರೆ, ಅಥವಾ ನಿಮಗೆ ಈಗಾಗಲೇ ಹೃದಯದ ಕಾಯಿಲೆ ಇದ್ದರೆ, ಡಾಕ್ಟರೇ ಮೊದಲು. ಪುಸ್ತಕ ಆಮೇಲೆ.

ನಾಡಿ ಹಿಡಿಯಿರಿ

ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರೊಳಗೇ ನಾಡಿ ಇರುವುದರಿಂದ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದೂ ಬೇಡ. ನಾವು ಹುಡುಕುತ್ತಿರುವುದೇ ತಾಳ ತಪ್ಪುವುದನ್ನು, ಹಾಗಾಗಿ ಪೂರ್ತಿ ಒಂದು ನಿಮಿಷ ಹಿಡಿಯಿರಿ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಇದ್ದರೆ ಸರಿ.

ತಾಳ ಸರಿಯಾಗಿ ಹೋಗುತ್ತಾ ಆಗೊಮ್ಮೆ ಈಗೊಮ್ಮೆ ಒಂದು ತಪ್ಪಿದಂತೆ ಅನಿಸಿದರೆ, ಅಲ್ಲಿ ಬಡಿತ ತಪ್ಪಿರುವುದಿಲ್ಲ, ಒಂದು ಅವಸರಪಟ್ಟು ಮುಂಚೆಯೇ ಬಂದಿರುತ್ತದೆ. ಹೃದಯ ತುಂಬುವ ಮೊದಲೇ ಹಿಂಡಿದ್ದರಿಂದ ಆ ಬಡಿತಕ್ಕೆ ಜೋರಿಲ್ಲ, ಕೈಗೆ ಸಿಗುವುದಿಲ್ಲ. ಆಮೇಲೆ ಒಂದು ಚಿಕ್ಕ ಬಿಡುವು. ಆ ಬಿಡುವಿನಲ್ಲಿ ಜಾಸ್ತಿ ರಕ್ತ ತುಂಬಿಕೊಳ್ಳುತ್ತದಲ್ವಾ, ಮುಂದಿನ ಬಡಿತವೇ ಆ ಗುದ್ದು. ಆರೋಗ್ಯವಂತರಲ್ಲೂ ಇದು ಬಂದು ಹೋಗುತ್ತಿರುತ್ತದೆ, ಬಹಳಷ್ಟು ಸಲ ಗೊತ್ತೇ ಆಗುವುದಿಲ್ಲ.

ಇನ್ನೊಂದು ಬಗೆ ಬೇರೆ. ಅದಕ್ಕೆ ತಾಳವೇ ಇಲ್ಲ. ಮಳೆ ನಿಂತ ಮೇಲೆ ಸಿಲ್ವರ್ ಓಕ್ ಮರದಿಂದ ಶೀಟಿನ ಮೇಲೆ ಹನಿ ಬೀಳುತ್ತದೆ ನೋಡಿ, ಒಂದು ಬೇಗ, ಒಂದು ತಡ, ಎರಡು ಒಟ್ಟಿಗೆ, ಹಾಗೆ. ಇದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಹೃದಯದ ಮೇಲಿನ ಕೋಣೆ ಹಿಂಡದೆ ಸುಮ್ನೆ ನಡುಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ನಾಡಿ ಹೀಗೆ ಸಿಕ್ಕಿದರೆ ಅವತ್ತೇ ಇಸಿಜಿ ಮಾಡಿಸಿ.

ಎರಡು ವಾರ ಬರೆಯಿರಿ

ದೊಡ್ಡ ಪುಸ್ತಕ ಬೇಡ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕು. ಎದೆ ಎಡವಿದ ಹೊತ್ತು, ಅದಕ್ಕೆ ಮುಂಚೆ ಏನು ತಿಂದಿರಿ ಕುಡಿದಿರಿ, ಎಷ್ಟು, ಬಿಸಿಯಾ ತಣ್ಣಗಾ, ಕೂತಿದ್ದಿರಾ ಮಲಗಿದ್ದಿರಾ, ಹಿಂದಿನ ರಾತ್ರಿ ಎಷ್ಟು ನಿದ್ದೆ. ನನ್ನ ಒಂದು ಸಾಲು ಹೀಗಿತ್ತು: "ಗುರುವಾರ ರಾತ್ರಿ 10.20. ಕಡುಬು 7, ಕೋಳಿ ಸಾರು. 9.50ಕ್ಕೆ ಊಟ. ಎಡಕ್ಕೆ ಮಲಗಿದ್ದೆ. 12 ಸಲ." ಏನೂ ಆಗದ ದಿನವನ್ನೂ ಬರೆಯಿರಿ. ಅದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಬಹಳ ಜನ ತಪ್ಪು ಮಾಡುವುದು ಇಲ್ಲೇ. ಸಂಶಯ ಬಂದದ್ದನ್ನೆಲ್ಲ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದೇ ಇಲ್ಲ. ಐದಾರು ದಿನ ಒಂದು, ಆಮೇಲೆ ಇನ್ನೊಂದು.

ಊಟದ ಪ್ರಮಾಣದಿಂದ ಶುರು ಮಾಡಿ. ಹೊಟ್ಟೆಯ ಮೇಲೆ ವಪೆ, ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಸ್ನಾಯುವಿನ ಪರದೆ, ಅದರ ಮೇಲೆಯೇ ಹೃದಯ ಕೂತಿದೆ. ಹೊಟ್ಟೆ ಉಬ್ಬಿದಾಗ ವಪೆ ಮೇಲಕ್ಕೆ ಒತ್ತುತ್ತದೆ. ಅನ್ನನಾಳವಂತೂ ಹೃದಯದ ಎಡ ಮೇಲ್ಕೋಣೆಯ ಬೆನ್ನಿಗೇ ಅಂಟಿಕೊಂಡಂತೆ ಇಳಿಯುತ್ತದೆ. ವೇಗಸ್ ಎಂಬ ನರ ಹೃದಯಕ್ಕೂ ಹೊಟ್ಟೆಗೂ ಒಂದೇ, ಒಂದು ಮನೆಯ ಜಗಳ ಪಕ್ಕದ ಮನೆಗೆ ಕೇಳಿಸಿದ ಹಾಗೆ. ಜೊತೆಗೆ ಉಂಡದ್ದನ್ನು ಅರಗಿಸಲು ಕರುಳಿಗೆ ಜಾಸ್ತಿ ರಕ್ತ ಕಳಿಸಬೇಕು, ಹೃದಯದ ವೇಗ ಹೆಚ್ಚುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ ರೋಮ್‌ಹೆಲ್ಡ್ ನೂರು ವರ್ಷಗಳ ಹಿಂದೆಯೇ ಈ ಹೊಟ್ಟೆ–ಎದೆ ನಂಟನ್ನು ವಿವರಿಸಿದ್ದರು, ಆ ತೊಂದರೆಗೆ ಅವರ ಹೆಸರೇ ಇದೆ. ಎರಡು ಮುದ್ದೆ ಇದ್ದದ್ದು ಒಂದಾಗಲಿ. ಉಂಡು ಎರಡು–ಮೂರು ಗಂಟೆ ಬಿಟ್ಟು ಮಲಗಿ. ಎಡಕ್ಕೆ ಮಲಗಿದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರವಾಗಿ ಬಡಿತ ಜೋರಾಗಿ ಕೇಳಿಸುತ್ತದೆ, ಬಲಕ್ಕೆ ಹೊರಳಿ ನೋಡಿ.

ಮುಂದಿನದು ಫ್ರಿಜ್. ಐಸ್ ನೀರು, ಐಸ್ ಕ್ರೀಮ್ ಗಂಟಲಿಳಿದ ಮರುಗಳಿಗೆಗೇ ಎದೆ ಎಡವುವವರು ಇದ್ದಾರೆ, ವೈದ್ಯರು ದಾಖಲಿಸಿದ್ದೂ ಇದೆ. ಕಾರಣ ಅದೇ ನರ, ಅದೇ ನೆರೆಮನೆ. ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕು.

ಇನ್ನು ಎಣ್ಣೆ. ಅಡುಗೆಯದ್ದಲ್ಲ. ವಾರಾಂತ್ಯ, ಹಬ್ಬದಲ್ಲಿ ಕಂಠಮಟ್ಟ ಕುಡಿದವರು ಸೋಮವಾರ ತಾಳ ತಪ್ಪಿದ ಎದೆ ಹಿಡಿದುಕೊಂಡು ಬರುವುದನ್ನು ಕಂಡು ಅಮೆರಿಕದ ವೈದ್ಯರು 1978ರಲ್ಲಿ ಇದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು. ನಮ್ಮಲ್ಲಿ 'ಬೀಗರೂಟದ ಎದೆ' ಎನ್ನಬಹುದು. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಫಿಬ್ರಿಲೇಶನ್ ಇದ್ದ 140 ಮದ್ಯಪಾನಿಗಳಲ್ಲಿ ಅರ್ಧದಷ್ಟು ಜನರಿಗೆ ಕುಡಿತ ಬಿಡಿಸಿ ನೋಡಿದರು. ಆರು ತಿಂಗಳಲ್ಲಿ ಕುಡಿಯುತ್ತಾ ಇದ್ದವರಲ್ಲಿ 73 ಶೇಕಡಾ ಜನರಿಗೆ ತೊಂದರೆ ಮರುಕಳಿಸಿತು, ಬಿಟ್ಟವರಲ್ಲಿ 53 ಶೇಕಡಾ. ಈ ಪಟ್ಟಿಯಲ್ಲಿ ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದು ಇದೊಂದನ್ನೇ.

ಈಗ ಕಾಫಿ. 2023ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ 100 ಜನರಿಗೆ ಇಸಿಜಿ ಪಟ್ಟಿ ಅಂಟಿಸಿ, ಎರಡು ವಾರ ಕೆಲವು ದಿನ ಕಾಫಿ ಕುಡಿಸಿದರು, ಕೆಲವು ದಿನ ಬಿಡಿಸಿದರು. ಮೇಲ್ಕೋಣೆಯ ಹೆಚ್ಚುವರಿ ಬಡಿತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಳಕೋಣೆಯವು ಮಾತ್ರ ಕಾಫಿ ಕುಡಿದ ದಿನ ಸುಮಾರು ಒಂದೂವರೆ ಪಟ್ಟು ಇದ್ದವು. ನಿದ್ದೆ ಸುಮಾರು 36 ನಿಮಿಷ ಕಮ್ಮಿಯಾಯಿತು. ನಿದ್ದೆಗೆಟ್ಟರೂ ಎದೆ ಎಡವುತ್ತದೆ, ಹಾಗಾಗಿ ಕಾಫಿಯ ಹೊತ್ತು ಮುಖ್ಯ. ಮಧ್ಯಾಹ್ನದ ಮೇಲಿನದ್ದನ್ನು ಬಿಟ್ಟು ನೋಡಿ, ಬೆಳಗಿನದ್ದನ್ನಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ಅಡ್ಡಿಯಿಲ್ಲ ಎನ್ನುತ್ತಾರೆ, ಗರ್ಭಿಣಿಯರ ಮಿತಿ ಇನ್ನೂ ಕಮ್ಮಿ. ಪುಡಿ ಯಾವುದು ಎಂದೂ ನೋಡಿಕೊಳ್ಳಿ: ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚೂ ಕಮ್ಮಿ ಎರಡರಷ್ಟು ಕೆಫೀನ್, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಹುಡುಗರು ಕುಡಿಯುವ ಎನರ್ಜಿ ಡ್ರಿಂಕ್ ಬೇರೆಯೇ ಮಾತು. ಲೋಟದ ಬಿಸಿ ಕಾಫಿಯನ್ನು ಯಾರೂ ಒಂದೇ ಉಸಿರಿಗೆ ಎತ್ತುವುದಿಲ್ಲ, ಇದನ್ನು ತಣ್ಣಗೆ ಒಂದರ ಹಿಂದೊಂದು ಎತ್ತುತ್ತಾರೆ.

ಕೊಪ್ಪ, ಶೃಂಗೇರಿ ಕಡೆಯವರು ಬೇಜಾರು ಮಾಡಿಕೊಳ್ಳಬಾರದು, ಅಡಿಕೆಯನ್ನೂ ಪುಸ್ತಕದಲ್ಲಿ ಬರೆಯಬೇಕು. ಅಡಿಕೆ ಸೊಕ್ಕಿದಾಗ ಬೆವರಿ ಎದೆ ಹೊಡೆದುಕೊಳ್ಳುವುದು ನಿಮಗೇ ಗೊತ್ತು. ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ. ಮಳೆಗಾಲದ ಕೆಮ್ಮಿಗೆ ಜ್ಯೇಷ್ಠಮಧುವನ್ನು ವಾರಗಟ್ಟಲೆ ಅಗಿಯುವವರೂ ಹುಷಾರು, ಅದು ಮೈಯಿಂದ ಪೊಟ್ಯಾಸಿಯಂ ಕಳೆಯುತ್ತದೆ. ಪೊಟ್ಯಾಸಿಯಂ ಇಳಿದರೂ ತಾಳ ಕೆಡುತ್ತದೆ, ಏರಿದರೂ ಕೆಡುತ್ತದೆ. ಅದಕ್ಕೇ ಭೇದಿಯಾದವರಿಗೆ ಅರಸೀಕೆರೆಯ ಎಳನೀರು ಒಳ್ಳೆಯದು, ಕಿಡ್ನಿ ತೊಂದರೆ ಇರುವವರಿಗೆ ಅದೇ ಎಳನೀರು ಅಪಾಯ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಡಾಕ್ಟರನ್ನು ಕೇಳಿಕೊಳ್ಳಿ.

ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ. ಆದರೆ ಇಸಿಜಿ ಹಿಡಿಯುವುದು ಕೆಲವೇ ಸೆಕೆಂಡ್. ನಿಮ್ಮ ತೊಂದರೆ ರಾತ್ರಿ ಹತ್ತಕ್ಕೆ, ಆಸ್ಪತ್ರೆ ಬೆಳಿಗ್ಗೆ ಹತ್ತಕ್ಕೆ! ಹಾಗಾಗಿ ಹೋಲ್ಟರ್ ಬಗ್ಗೆ ಕೇಳಿ. ಅದು ಎದೆಗೆ ಅಂಟಿಸಿ ಸೊಂಟಕ್ಕೆ ಕಟ್ಟುವ ಚಿಕ್ಕ ಪೆಟ್ಟಿಗೆ, 24 ಗಂಟೆಯ ಬಡಿತವನ್ನೆಲ್ಲ ಬರೆದುಕೊಳ್ಳುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ಪರೀಕ್ಷೆಯನ್ನೂ ಹೇಳಬಹುದು. ಎದೆಗೆಂದು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಹೋಲ್ಟರ್ ಕಟ್ಟಿಕೊಂಡ ದಿನ ಗಂಜಿ ಕುಡಿದು ಪಥ್ಯ ಮಾಡಿದರೆ ದುಡ್ಡು ದಂಡ. ಎಂದಿನಂತೆಯೇ ಉಣ್ಣಿ. ನಾನು ಡಾಕ್ಟರನ್ನು ಕೇಳಿಕೊಂಡು, ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದೆ, ರಾತ್ರಿ ಎರಡು ಮುದ್ದೆ ಉಂಡು ಎಡಕ್ಕೆ ಮಲಗಿದೆ. ವರದಿಯಲ್ಲಿ ಹೆಚ್ಚುವರಿ ಬಡಿತಗಳ ಬಹುಪಾಲು ಸಿಕ್ಕಿದ್ದು ರಾತ್ರಿ ಹತ್ತರಿಂದ ಹನ್ನೆರಡರೊಳಗೆ. ಕಾಫಿಯ ಆಸುಪಾಸಿನಲ್ಲಿ ಬೆರಳೆಣಿಕೆಯಷ್ಟು. ಆ ಹಾಳೆಯನ್ನು ಮಡಿಸಿ ಫಿಲ್ಟರ್ ಪಕ್ಕದಲ್ಲೇ ಇಟ್ಟಿದ್ದೇನೆ, ಮನೆಯಲ್ಲಿ ಕಾಣುವ ಹಾಗೆ.