ನಾಳೆ ರಿಜಿಸ್ಟರ್ ಮದುವೆ, ಇವತ್ತು ಫೋನ್

"ಅಣ್ಣಾ, ನಾಳೆ ಬೆಳಿಗ್ಗೆ ಫ್ರೀ ಉಂಟಾ? ಸಣ್ಣ ಪ್ರೋಗ್ರಾಂ, ಒಂದು ಹತ್ತು ಫೋಟೊ ಸಾಕು." ಮಂಗಳೂರು, ಉಡುಪಿ ಕಡೆ ಕ್ಯಾಮೆರಾ ನಂಬಿ ಬದುಕುವವರಿಗೆ ಇಂಥ ಫೋನ್ ಹೊಸತಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆಯಲ್ಲಿ ಫೋಟೊದವರ ನೆನಪಾಗುವುದು ಉಳಿದ ಏರ್ಪಾಡೆಲ್ಲ ಮುಗಿದ ಮೇಲೆ. ತಮಾಷೆಯೆಂದರೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಹಾಗಾಗಿ ದಿಢೀರ್ ಮದುವೆ ಎಂಬುದು ನಿಮ್ಮ ಪಾಲಿಗೆ ಮಾತ್ರ. ಕಲ್ಯಾಣ ಮಂಟಪಗಳು ಬೀಗ ಹಾಕಿಕೊಂಡಿರುವ ಆಟಿ ತಿಂಗಳಲ್ಲೂ ಈ ಕೆಲಸ ಬರುತ್ತದೆ. ಆದ್ದರಿಂದ ಸಣ್ಣದೆಂದು ಮೂಗು ಮುರಿಯಬೇಡಿ.

ಫೋನ್ ಇಡುವ ಮೊದಲು

ಮೊದಲ ಪ್ರಶ್ನೆ: ಮದುವೆ ಅಲ್ಲೇ ಆಗುವುದೋ, ಆಗಿರುವ ಮದುವೆಯ ನೋಂದಣಿಯೋ? ಎರಡೂ ಒಂದೇ ಎಂದುಕೊಂಡು ಹೋದವರು ಅರ್ಧ ಕೆಲಸ ಕಳೆದುಕೊಳ್ಳುತ್ತಾರೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಗೆ ಬಂದವರದ್ದು ಬರೀ ಸಹಿ, ಕಾಗದಪತ್ರದ ಕೆಲಸ. ವಿಶೇಷ ವಿವಾಹ ಕಾಯ್ದೆಯಡಿ ಆದರೆ ಆ ಮೇಜಿನ ಮುಂದೆಯೇ ಮದುವೆ. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ಅರ್ಥವಾಗುವ ಭಾಷೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಪತಿ, ಪತ್ನಿಯಾಗಿ ಸ್ವೀಕರಿಸುವುದಾಗಿ ಬಾಯಿಬಿಟ್ಟು ಹೇಳಬೇಕು. ಒಂದೇ ವಾಕ್ಯ, ಕೆಲವೇ ಸೆಕೆಂಡು. ಅದು ತಪ್ಪಿದರೆ "ಇನ್ನೊಮ್ಮೆ ಹೇಳಿ" ಎನ್ನುವ ಮುಖ ನಿಮಗಿರುವುದಿಲ್ಲ.

ಎರಡನೆಯದು ಹೊತ್ತು. ಅದೇ ಕಚೇರಿಯಲ್ಲಿ ಜಾಗ, ಫ್ಲ್ಯಾಟ್ ನೋಂದಣಿಯೂ ನಡೆಯುತ್ತದೆ. ಟೋಕನ್, ಸರ್ವರ್, ಕರೆಂಟು, ಯಾವುದು ಎಷ್ಟು ಹೊತ್ತಿಗೆ ಕೈಕೊಡುತ್ತದೋ ಹೇಳಲು ಬರುವುದಿಲ್ಲ. ರಿಜಿಸ್ಟರ್ ಮದುವೆಗೂ ರಾಹುಕಾಲ ನೋಡುವವರು ಇದ್ದಾರೆ ಎನ್ನುವುದನ್ನು ಮರೆಯಬೇಡಿ. ಶುಕ್ರವಾರ 10.30ರಿಂದ 12ರವರೆಗೆ ರಾಹುಕಾಲ. ಅದಾದ ಕೂಡಲೇ ಬಾಗಿಲಲ್ಲಿ ನೂಕುನುಗ್ಗಲು ಎಂದೇ ಲೆಕ್ಕ ಹಾಕಿ. ಅರ್ಧ ದಿನಕ್ಕೆಂದು ದರ ಹೇಳಿ, ಮುಂಗಡ ಆ ರಾತ್ರಿಯೇ ಫೋನ್‌ಪೇ ಮಾಡಿಸಿಕೊಳ್ಳಿ. ಸಂಕೋಚ ಬೇಡ. ಇಂಥ ಮದುವೆ ಬೆಳಗಾಗುವಷ್ಟರಲ್ಲಿ ಮುಂದೆ ಹೋಗುವುದೂ ಉಂಟು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಮನೆಯವರಿಗೆ ಗೊತ್ತುಂಟಾ? ಹೀಗೆ ನೇರ ಕೇಳಬಾರದು. "ಫೋಟೊ ಯಾರಿಗೆಲ್ಲ ಕಳಿಸಬೇಕು, ಸ್ಟೇಟಸ್ ಹಾಕಬಹುದಾ?" ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಜಾತಿ, ಧರ್ಮ ದಾಟಿ ಮದುವೆಯಾಗುವವರಿಗೆ ನಮ್ಮ ಕರಾವಳಿಯಲ್ಲಿ ಒಂದು ವಾಟ್ಸ್ಆ್ಯಪ್ ಫೋಟೊ ಎಷ್ಟು ದುಬಾರಿಯಾಗಬಹುದು ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಸರಿ ಎನ್ನುವವರೆಗೆ ಇನ್‌ಸ್ಟಾಗ್ರಾಂ ಇಲ್ಲ, ಸ್ಟುಡಿಯೋ ಗ್ರೂಪ್ ಇಲ್ಲ, ಸಹಾಯಕ ಹುಡುಗನ ಮೊಬೈಲೂ ಜೇಬಿನೊಳಗೆ. ಗಲ್ಫ್‌ಗೆ ಹೊರಡುವ ಮೊದಲು ಸರ್ಟಿಫಿಕೇಟಿಗಾಗಿ ಬಂದ ಜೋಡಿಗೆ ಇದ್ಯಾವ ತಲೆಬಿಸಿಯೂ ಇರುವುದಿಲ್ಲ. ಯಾರು ಯಾವ ಬಗೆ ಎಂದು ನೀವು ಊಹಿಸಲು ಹೋಗಬೇಡಿ, ಕೇಳಿ.

ಬ್ಯಾಗಿನಲ್ಲಿ

ಒಂದು ಬಾಡಿ, 35 ಎಂಎಂ ಲೆನ್ಸ್, ಬೇಕಿದ್ದರೆ 50. ಎರಡು ಬ್ಯಾಟರಿ, ಎರಡು ಕಾರ್ಡ್, ಕೊಡೆ, ಒರೆಸಲು ಬಟ್ಟೆ, ಚೆನ್ನಾಗಿ ಬರೆಯುವ ಒಂದು ಪೆನ್ನು. ಇಡೀ ಕಚೇರಿಯಲ್ಲಿ ಪೆನ್ನಿಗಾಗಿ ಹುಡುಕಾಡುವವರನ್ನು ನೋಡಿದರೆ ಈ ಮಾತಿನ ಬೆಲೆ ತಿಳಿಯುತ್ತದೆ. ಲೈಟ್ ಸ್ಟ್ಯಾಂಡ್, ಡ್ರೋನ್ ಮನೆಯಲ್ಲೇ ಇರಲಿ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದರೆ ನಮ್ಮ ಸೆಕೆಗೆ ಲೆನ್ಸ್ ಮಂಜು ಹಿಡಿಯುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಸ್ವಲ್ಪ ಹೊತ್ತು ಹೊರಗಿಡಿ, ಅಥವಾ ಬರುವಾಗಲೇ ಎಸಿ ಬಂದ್ ಮಾಡಿ.

ಮೇಜಿನ ಬದಿಯಲ್ಲಿ

ಅರ್ಧ ಗಂಟೆ ಮೊದಲು ಹೋಗಿ ಅಧಿಕಾರಿಯ ಅನುಮತಿ ಕೇಳಿ. "ಸರ್, ಫ್ಲ್ಯಾಶ್ ಹಾಕುವುದಿಲ್ಲ, ಈ ಗೋಡೆ ಬದಿಯಲ್ಲಿ ನಿಲ್ಲುತ್ತೇನೆ" ಎಂದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಬೇಡ ಎಂದರೆ ವಾದ ಬೇಡ, ವರಾಂಡ ಇದೆ.

ನಿಲ್ಲುವ ಜಾಗದಲ್ಲೇ ಈ ಕೆಲಸದ ಗುಟ್ಟು ಇರುವುದು. ಅಧಿಕಾರಿ ಆಚೆ, ಜೋಡಿ ಈಚೆ. ಜನರ ಜತೆ ಹಿಂದೆ ನಿಂತರೆ ನಿಮಗೆ ಸಿಗುವುದು ಎರಡು ಬೆನ್ನು ಮಾತ್ರ. ಅಧಿಕಾರಿಯ ಹಿಂದೆ ಹೋಗಲೂಬಾರದು. ಅಲ್ಲಿ ಕಂಪ್ಯೂಟರ್ ಪರದೆ, ಬೇರೆಯವರ ದಾಖಲೆ ಇರುತ್ತದೆ. ಮೇಜಿನ ಪಕ್ಕಕ್ಕೆ, ಕಿಟಕಿ ನಿಮ್ಮ ಬೆನ್ನಿಗೆ ಬರುವಂತೆ ನಿಲ್ಲಿ. ಬಲಗೈಯಲ್ಲಿ ಸಹಿ ಹಾಕುವವರಾದರೆ ಅವರ ಎಡಬದಿಯಿಂದ ತೆಗೆಯಿರಿ. ಬಲಬದಿಯಿಂದ ತೆಗೆದರೆ ಪೆನ್ನಿನ ತುದಿ ಕಾಣುವುದಿಲ್ಲ, ಮುಷ್ಟಿ ಕಾಣುತ್ತದೆ.

ಟ್ಯೂಬ್‌ಲೈಟಿನ ಕೋಣೆಯಲ್ಲಿ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಫೋಟೊದಲ್ಲಿ ಪಟ್ಟೆ ಬೀಳುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಮಿಣುಕುವುದು ಅದರ ಲೆಕ್ಕದಲ್ಲೇ. ಸದ್ದಿಲ್ಲದ ಶಟರ್ ಬಳಸುವವರು ಇದನ್ನು ಇನ್ನಷ್ಟು ಗಮನಿಸಬೇಕು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, 1600, 3200 ಎಂದು ಹೆದರಬೇಡಿ. ಮದುಮಗಳು ಶಂಕರಪುರ ಮಲ್ಲಿಗೆ ಮುಡಿದಿದ್ದರೆ ಎಕ್ಸ್‌ಪೋಶರ್ ಒಂದು ಚೂರು ಇಳಿಸಿ. ಕಪ್ಪು ಕೂದಲು ನೋಡಿ ಕ್ಯಾಮೆರಾ ಬೆಳಕು ಏರಿಸಿದರೆ, ಒಂದೊಂದಾಗಿ ಕಾಣಬೇಕಾದ ಮೊಗ್ಗು ಬಿಳಿ ಮುದ್ದೆಯಾಗುತ್ತದೆ. ಆ ಹೂವಿನ ಫೋಟೊ ಬಂದ ಕೂಡಲೇ ತೆಗೆಯಿರಿ, ಸರತಿ ಬರುವಷ್ಟರಲ್ಲಿ ಬಾಡಿರುತ್ತದೆ.

ಸಹಿ ಹಾಕುವವರ ಜತೆಗೆ ಸಾಕ್ಷಿಗಳನ್ನೂ ನೋಡುತ್ತಿರಿ. ಇಲ್ಲಿ ದಿಬ್ಬಣವೂ ಅವರೇ, ಬಂಧುಬಳಗವೂ ಅವರೇ. ಆಫೀಸಿಗೆ ರಜೆ ಹಾಕಿ ಬಂದ ಗೆಳತಿ, ಒಬ್ಬಳೇ ಬಂದ ಚಿಕ್ಕಮ್ಮ, ಇವರ ಮುಖಕ್ಕೆ ಒಂದೊಂದು ಫ್ರೇಮ್ ಮೀಸಲಿಡಿ. ನೋಟಿಸ್ ಬೋರ್ಡ್ ಮಾತ್ರ ಯಾವ ಫೋಟೊದಲ್ಲೂ ಬರಕೂಡದು, ಅಲ್ಲಿ ಬೇರೆ ಜೋಡಿಗಳ ಹೆಸರು, ವಿಳಾಸ ಅಂಟಿಸಿರುತ್ತಾರೆ.

ಹೊರಗೆ ಬಂದ ಮೇಲೆ

ಪಣಂಬೂರು, ಮಲ್ಪೆ ಎಂದು ಎಲ್ಲರೂ ಹೇಳುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕಡಲ ತಡಿ ಬೇಡವೇ ಬೇಡ. ಕಣ್ಣು ಕಿರಿದು ಮಾಡಿದ ಫೋಟೊಗಳೇ ಬರುತ್ತವೆ. ಮಂಗಳೂರಿನ ಹಂಪನಕಟ್ಟೆ ಕಡೆಯಿದ್ದರೆ ಬಾವುಟಗುಡ್ಡೆಯ ಠಾಗೋರ್ ಪಾರ್ಕಿನ ಮರದ ನೆರಳು ಸಾಕು, ಹದಿನೈದು ನಿಮಿಷದ ಕೆಲಸ. ಮಳೆಗಾಲವಾದರೆ ಇನ್ನೂ ಒಳ್ಳೆಯದು, ಮೋಡದ ಬೆಳಕಿಗಿಂತ ಮೆತ್ತಗಿನ ಲೈಟ್ ಯಾವ ಸ್ಟುಡಿಯೋದಲ್ಲೂ ಇಲ್ಲ. ಆಮೇಲೆ ಊಟಕ್ಕೆ ಕರೆದರೆ ಹೋಗಿ. ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸಿಗೆ ಉದ್ದ ಚಮಚ ಹಾಕಿಕೊಂಡು ಆರು ಜನ ನಗುವಾಗ, ಬೆಳಗಿನಿಂದ ಬಿಗಿದುಕೊಂಡಿದ್ದ ಭುಜಗಳು ಇಳಿದಿರುತ್ತವೆ.

ಫೋಟೊ ಕೊಡುವಾಗ

ಅಂದೇ ಸಂಜೆ ಐದಾರು ಫೋಟೊ ಕಳಿಸಿ, ಉಳಿದದ್ದು ವಾರದೊಳಗೆ. ನಲವತ್ತು ಒಳ್ಳೆಯ ಫೋಟೊ ಧಾರಾಳವಾಯಿತು, ನಾನೂರು ತುಂಬಿಸಬೇಡಿ. ಆಧಾರ್ ಸಂಖ್ಯೆ, ಸರ್ಟಿಫಿಕೇಟಿನ ವಿಳಾಸ ಓದಲು ಬರುವಂತಿದ್ದರೆ ಮಸುಕು ಮಾಡಿಯೇ ಕೊಡಿ. ಲಿಂಕ್‌ಗೆ ಪಾಸ್‌ವರ್ಡ್ ಇರಲಿ, ಅದು ಇಬ್ಬರಿಗೆ ಮಾತ್ರ. ಹುಡುಗಿಯ ಮಾವನೋ ಹುಡುಗನ ಅಣ್ಣನೋ ಫೋನ್ ಮಾಡಿ ಫೋಟೊ ಕೇಳಿದರೆ, "ಅವರನ್ನೇ ಕೇಳಿ" ಎಂದಷ್ಟೇ ಹೇಳಿ.